ವಾಕರ್, ದಿಂಬಿನ ಬ್ಯಾಗು, ಮಂಚದ ಬೇಲಿ: ಮಗುವಿನ ತಲೆ ಕಾಯುವ ಸಾಮಾನುಗಳಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ದಂಡ

ಮೊದಲು ತೀರ್ಪು ಹೇಳಿ ಆಮೇಲೆ ಕಾರಣ ಹೇಳುತ್ತೇನೆ. ಚಿಕ್ಕ ಮಗು ಇರುವ ಮನೆಯಲ್ಲಿ ಕೂತು ಪೂರ್ತಿ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಗಾಲಿ ಇರುವ ವಾಕರ್ ಬೇಡವೇ ಬೇಡ. ಬೆನ್ನಿಗೆ ಕಟ್ಟುವ ದಿಂಬಿನ ಬ್ಯಾಗು ದುಡ್ಡು ದಂಡ. ಮಂಚದ ಬೇಲಿ ಎರಡು ವರ್ಷದೊಳಗಿನ ಮಗುವಿಗೆ ಅಲ್ಲ. ಮೆಟ್ಟಿಲಿಗೆ ಗೇಟು ಹಾಕಿಸಿ, ಸ್ಕ್ರೂ ಹೊಡೆದು ಕೂರಿಸುವಂಥದ್ದು. ಸ್ಕೂಟರಿನಲ್ಲಿ ಕರೆದುಕೊಂಡು ಹೋಗಲೇಬೇಕು ಅನ್ನುವವರು ಹೆಲ್ಮೆಟ್ಟು, ಬೆಲ್ಟು ಎರಡನ್ನೂ ಕೊಳ್ಳಿ, ಒಂದೇ ಸಾಲದು.

ನಮ್ಮ ಮನೆಯಲ್ಲಿ ಇಬ್ಬರು. ದೊಡ್ಡವನಿಗೆ ಮೂರು ತುಂಬಿದೆ. ಚಿಕ್ಕವಳು ಅಂಬೆಗಾಲು ಬಿಟ್ಟು ಗೋಡೆ ಹಿಡಿದು ನಡೆಯುತ್ತಿದ್ದಾಳೆ. ಬಾಡಿಗೆ ಮನೆ, ಮೊದಲ ಮಹಡಿ, ಬಾಗಿಲು ತೆರೆದರೆ ಎದುರಿಗೇ ಮೆಟ್ಟಿಲು. ನೆಲವೆಲ್ಲ ವಿಟ್ರಿಫೈಡ್ ಟೈಲ್ಸ್, ನೀರು ಬಿದ್ದರೆ ದೊಡ್ಡವರೇ ಜಾರುತ್ತೇವೆ. ಮಗುವಿನ ತಲೆಗೆ ಪೆಟ್ಟಾಗದಿರಲಿ ಅಂತ ಮಾರುವ ಸಾಮಾನುಗಳಲ್ಲಿ ಕೆಲವನ್ನು ನಾವೇ ಕೊಂಡೆವು, ಕೆಲವು ನಾಮಕರಣಕ್ಕೂ ಹುಟ್ಟುಹಬ್ಬಕ್ಕೂ ಉಡುಗೊರೆಯಾಗಿ ಬಂದವು, ಇನ್ನು ಕೆಲವನ್ನು ನೆಂಟರ ಮನೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಕಂಪನಿ ಹೆಸರು ಬರೆಯುತ್ತಿಲ್ಲ. ಒಂದೇ ಅಚ್ಚಿನ ಮಾಲು ಹತ್ತು ಹೆಸರಲ್ಲಿ ಬರುತ್ತದೆ, ಹಾಗಾಗಿ ಹೆಸರಿಗಿಂತ ಅದು ಯಾವ ಬಗೆಯದ್ದು ಅನ್ನುವುದೇ ಮುಖ್ಯ.

ಮಕ್ಕಳು ಬಿದ್ದರೆ ತಲೆಗೇ ಯಾಕೆ ಪೆಟ್ಟಾಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ಹುಟ್ಟಿದ ಮಗುವಿನ ಒಟ್ಟು ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ದೊಡ್ಡವರಲ್ಲಿ ಅದು ಸುಮಾರು ಎಂಟನೇ ಒಂದು ಭಾಗ. ಭಾರವೆಲ್ಲ ಮೇಲೆ, ಕತ್ತು ಎಳಸು, ಬೀಳುವಾಗ ಕೈ ಊರಬೇಕು ಅನ್ನುವ ಅಭ್ಯಾಸ ಇನ್ನೂ ಬಂದಿರುವುದಿಲ್ಲ. ಹಿಂದಕ್ಕೆ ಬೀಳಲಿ, ಮುಂದಕ್ಕೆ ಬೀಳಲಿ, ತಲೆಯೇ ಹೋಗಿ ಬಡಿಯುತ್ತದೆ. ತಲೆಬುರುಡೆಯ ಮೂಳೆ ತೆಳು, ಒಂದಕ್ಕೊಂದು ಪೂರ್ತಿ ಕೂಡಿಕೊಂಡಿರುವುದೂ ಇಲ್ಲ. ನೆತ್ತಿಯ ಮೆತ್ತನೆ ಜಾಗ ಮುಚ್ಚುವುದೇ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದ ಹೊತ್ತಿಗೆ.

ಬೀಳುವ ರೀತಿ ವಯಸ್ಸಿನ ಜೊತೆ ಬದಲಾಗುತ್ತದೆ. ಇದು ಗೊತ್ತಿದ್ದರೆ ಯಾವ ಸಾಮಾನು ಯಾವಾಗ ಬೇಕು ಅಂತ ತಾನಾಗಿಯೇ ತಿಳಿಯುತ್ತದೆ. ಮೊದಲ ಮೂರ್ನಾಲ್ಕು ತಿಂಗಳು ಮಗು ತಾನಾಗಿ ಬೀಳುವುದು ಕಡಿಮೆ, ನಮ್ಮ ಕೈಯಿಂದ ಬೀಳುವುದೇ ಜಾಸ್ತಿ. ಎತ್ತಿಕೊಂಡವರ ಕಾಲು ಮೆಟ್ಟಿಲ ಮೇಲೆ ಜಾರುತ್ತದೆ, ಎಣ್ಣೆ ಹಚ್ಚಿದ ಮೈ ಬಚ್ಚಲಲ್ಲಿ ನುಣುಚಿಕೊಳ್ಳುತ್ತದೆ, ಎದೆ ಮೇಲೆ ಮಲಗಿಸಿಕೊಂಡು ಸೋಫಾದಲ್ಲಿ ಒರಗಿದ ಅಪ್ಪನಿಗೆ ನಿದ್ದೆ ಹತ್ತುತ್ತದೆ. ಮಂಚದ ಎತ್ತರ ಎರಡಡಿ ಇದ್ದರೆ ನಿಂತವರ ತೋಳಿನ ಎತ್ತರ ನಾಲ್ಕಡಿ, ಇದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾಲ್ಕೈದು ತಿಂಗಳಿಗೆ ಮಗ್ಗುಲಾಗುವುದು, ಬೋರಲು ಬೀಳುವುದು ಶುರು, ಆಗ ಮಂಚ, ಸೋಫಾ. ಎಂಟು ತಿಂಗಳಾಯಿತು ಅಂದರೆ ಮೆಟ್ಟಿಲು, ಹೊಸ್ತಿಲು, ವಾಕರ್. ವರ್ಷ ತುಂಬಿದ ಮೇಲೆ ಕುರ್ಚಿ ಹತ್ತುವುದು, ಟಿವಿ ಸ್ಟ್ಯಾಂಡ್ ಎಳೆಯುವುದು, ಕಿಟಕಿ, ಬಾಲ್ಕನಿ, ಕಟ್ಟೆ ಇಲ್ಲದ ತಾರಸಿ. ಇದರ ಜೊತೆಗೆ ನಮ್ಮ ಕಡೆ ಇನ್ನೊಂದು ಅಭ್ಯಾಸ: ಮಗುವನ್ನು ಮೇಲಕ್ಕೆ ಎಸೆದು ಹಿಡಿಯುವುದು, ಭುಜದ ಮೇಲೆ ಕೂರಿಸಿಕೊಳ್ಳುವುದು. ಚಾವಣಿ ತಗ್ಗಿರುವ ಮನೆಯಲ್ಲಿ ಫ್ಯಾನಿನ ರೆಕ್ಕೆ ತಲೆಗೆ ಬಡಿದು ಆಸ್ಪತ್ರೆ ಸೇರುವ ಮಕ್ಕಳಿದ್ದಾರೆ. ಮಾಮಂದಿರಿಗೆ, ಚಿಕ್ಕಪ್ಪಂದಿರಿಗೆ ದಯವಿಟ್ಟು ಹೇಳಿ, ಆಟ ಆಡಿಸುವ ಮೊದಲು ತಲೆ ಎತ್ತಿ ಒಮ್ಮೆ ಮೇಲೆ ನೋಡಲಿ.

ಈಗ ಸಾಮಾನುಗಳಿಗೆ ಬರೋಣ.

ಗಾಲಿ ಇರುವ ವಾಕರ್. ಐದಕ್ಕೆ ಸೊನ್ನೆ.

ದೊಡ್ಡವನು ಆರು ತಿಂಗಳಿನವನಿದ್ದಾಗ ಚಿಕ್ಕಪ್ಪ ಪ್ರೀತಿಯಿಂದ ತಂದುಕೊಟ್ಟರು. ಬಣ್ಣ ಬಣ್ಣದ ತಟ್ಟೆ, ಅದರ ಮೇಲೆ ಹಾಡುವ ಗುಂಡಿಗಳು, ನಡುವೆ ಬಟ್ಟೆಯ ಸೀಟು, ಕೆಳಗೆ ಸುತ್ತಲೂ ಗಾಲಿ. ಬಿಚ್ಚಿ ಮಗುಚಿ ನೋಡಿದೆ. ತಳದ ಅಂಚಿನಲ್ಲಿ ಬೆರಳಗಲದ ರಬ್ಬರಿನ ತುಂಡುಗಳಿದ್ದವು. ಅದು ಬ್ರೇಕು. ಮೆಟ್ಟಿಲ ತುದಿಗೆ ಬಂದಾಗ ಮುಂದಿನ ಗಾಲಿ ಕೆಳಗಿಳಿದರೆ ಈ ರಬ್ಬರು ನೆಲಕ್ಕೆ ಕಚ್ಚಿಕೊಂಡು ಬಂಡಿ ನಿಲ್ಲಬೇಕು ಅನ್ನುವುದು ಲೆಕ್ಕ. ನಮಗೆ ಬಂದದ್ದರಲ್ಲಿ ಒಂದು ತುಂಡು ಆಗಲೇ ಅಂಟು ಬಿಟ್ಟು ನೇತಾಡುತ್ತಿತ್ತು. ಉಳಿದವನ್ನು ಟೈಲ್ಸ್ ಮೇಲೆ ಒತ್ತಿ ತಳ್ಳಿ ನೋಡಿದೆ, ಸ್ವಲ್ಪ ಧೂಳಿದ್ದರೆ ಸಾಕು, ಸರಾಗವಾಗಿ ಜಾರಿತು. ಡಬ್ಬದ ಮೇಲೆ ಮಾತ್ರ ಮಗು ನಗುತ್ತಿರುವ ಚಿತ್ರ.

ವಾಕರಿನಲ್ಲಿ ಕೂತ ಮಗು ಒಂದು ಸೆಕೆಂಡಿನಲ್ಲಿ ಮೂರಡಿಗಿಂತ ಜಾಸ್ತಿ ದೂರ ಹೋಗಬಲ್ಲದು. ಮೂರಡಿ ಅಂದರೆ ನಾವು ಕೂತಲ್ಲಿಂದ ಎದ್ದು ನಿಲ್ಲುವಷ್ಟರಲ್ಲಿ ಮಗು ಕೈಗೆ ಸಿಗುವುದಿಲ್ಲ. ‘ನಾವು ಪಕ್ಕದಲ್ಲೇ ಇರ್ತೀವಲ್ಲ’ ಅನ್ನುತ್ತಾರೆ ಎಲ್ಲರೂ. ವಾಕರಿನ ಅಪಘಾತಗಳಲ್ಲಿ ಹೆಚ್ಚಿನವು ಆಗುವುದೇ ದೊಡ್ಡವರು ನೋಡುತ್ತಿರುವಾಗ. ನನ್ನ ನಾದಿನಿ ಮನೆಯಲ್ಲಿ ನಡೆದದ್ದೂ ಹಾಗೆಯೇ. ಅವಳು ಹಾಲಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು, ಮಗ ಅವಳ ಎದುರಿಗೇ ವಾಕರಿನಲ್ಲಿ ಓಡಾಡುತ್ತಿದ್ದ. ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಗ್ರಾನೈಟ್ ಪಟ್ಟಿ ಇದೆ, ಎತ್ತರ ಅರ್ಧ ಇಂಚೂ ಇಲ್ಲ. ಅದಕ್ಕೆ ಮುಂದಿನ ಗಾಲಿ ಸಿಕ್ಕಿಕೊಂಡಿತು, ಹಿಂದಿನಿಂದ ಬಂದ ವೇಗ ನಿಲ್ಲಲಿಲ್ಲ, ವಾಕರ್ ಮುಂದಕ್ಕೆ ಮಗುಚಿ ಮಗು ತಟ್ಟೆ ಸಮೇತ ಹಣೆ ಊರಿ ಬಿತ್ತು. ಹಣೆ ಮೇಲೆ ನಿಂಬೆಕಾಯಿ ಗಾತ್ರದ ಬುಗುಟು. ದೇವರ ದಯೆ, ಬೇರೇನೂ ಆಗಲಿಲ್ಲ. ಅಲ್ಲಿ ಮೆಟ್ಟಿಲು ಇದ್ದಿದ್ದರೆ ಕತೆ ಬೇರೆ.

ಮೆಟ್ಟಿಲು ಇದ್ದಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಲೆಕ್ಕ ಇದೆ. 1990ರಿಂದ 2014ರವರೆಗೆ ಅಲ್ಲಿ ಹದಿನೈದು ತಿಂಗಳೊಳಗಿನ ಸುಮಾರು 2,30,000 ಮಕ್ಕಳು ವಾಕರಿನಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದರು. ಅವರಲ್ಲಿ ಶೇ 90ಕ್ಕಿಂತ ಹೆಚ್ಚು ಮಕ್ಕಳಿಗೆ ಪೆಟ್ಟಾಗಿದ್ದು ತಲೆಗೆ ಅಥವಾ ಕತ್ತಿಗೆ. ಶೇ 74ರಷ್ಟು ಮಕ್ಕಳು ಮೆಟ್ಟಿಲಿನಿಂದ ಉರುಳಿದವರು. ಓಹಿಯೋ ರಾಜ್ಯದ ಮಕ್ಕಳ ಆಸ್ಪತ್ರೆಯೊಂದರ ಸಂಶೋಧಕರು 2018ರಲ್ಲಿ ಇದನ್ನು ಪ್ರಕಟಿಸಿದರು. ಮೆಟ್ಟಿಲ ಬ್ರೇಕಿನ ನಿಯಮ ಬಂದ ಮೇಲೆ ಸಂಖ್ಯೆ ತುಂಬಾ ಇಳಿಯಿತು, ಆದರೆ ನಿಲ್ಲಲಿಲ್ಲ. ಅದಕ್ಕೇ ಅಲ್ಲಿನ ಮಕ್ಕಳ ವೈದ್ಯರ ಸಂಘ ಗಾಲಿಯ ವಾಕರ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿ ಅಂತ ಈಗಲೂ ಕೇಳುತ್ತಿದೆ. ಕೆನಡಾ ಇಷ್ಟು ಕಾಯಲೇ ಇಲ್ಲ. 2004ರ ಏಪ್ರಿಲ್‌ನಲ್ಲಿ ಪೂರ್ತಿ ನಿಷೇಧ ಮಾಡಿತು: ಮಾರುವಂತಿಲ್ಲ, ಆಮದು ಮಾಡುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ, ಬಳಸಿದ್ದನ್ನು ಇನ್ನೊಬ್ಬರಿಗೆ ಮಾರುವಂತೆಯೂ ಇಲ್ಲ. ಅಲ್ಲಿರುವ ಕನ್ನಡದವರು ಊರಿಗೆ ಬಂದಾಗ ಇಲ್ಲಿಂದ ಒಂದನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೋಗುವ ಯೋಚನೆ ಮಾಡಬೇಡಿ. ನಮ್ಮಲ್ಲಿ ಪೇಟೆಯ ಯಾವ ಆಟಿಕೆ ಅಂಗಡಿಗೆ ಹೋದರೂ ಬಾಗಿಲಲ್ಲೇ ನೇತುಹಾಕಿರುತ್ತಾರೆ.

ನಡಿಗೆ ಬೇಗ ಬರುತ್ತದೆ ಅನ್ನುವುದೂ ನಿಜವಲ್ಲ. ವಾಕರಿನಲ್ಲಿ ಮಗು ಕಾಲ್ಬೆರಳ ತುದಿಯಿಂದ ನೆಲ ಒದೆಯುತ್ತದೆ, ಮೈಭಾರವೆಲ್ಲ ಸೀಟಿನ ಮೇಲೆ. ಹಿಡಿದು ನಿಲ್ಲುವುದು, ಬೀಳುವುದು, ಮತ್ತೆ ಏಳುವುದು, ಈ ಅಭ್ಯಾಸ ತಪ್ಪಿಹೋಗಿ ಸ್ವಂತ ನಡಿಗೆ ಕೆಲವೊಮ್ಮೆ ತಡವಾಗುತ್ತದೆ. ಇನ್ನೊಂದು ಅಪಾಯ ಕೈ. ಅಂಬೆಗಾಲಿಡುವ ಮಗುವಿಗೆ ಎಟುಕದ ಬಿಸಿ ಚಹಾ, ಇಸ್ತ್ರಿಪೆಟ್ಟಿಗೆಯ ವೈರು, ಟೀಪಾಯಿ ಮೇಲಿನ ಬಟ್ಟೆ ವಾಕರಿನಲ್ಲಿ ಕೂತರೆ ಎಟುಕುತ್ತದೆ.

ಚಿಕ್ಕಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ಅಯ್ಯೋ, ಅಂಗಡಿಯವನು ಎಲ್ಲರೂ ತಗೊಳ್ತಾರೆ ಅಂದ ಕಣಮ್ಮ’ ಅಂದರು, ಬೇಜಾರು ಮಾಡಿಕೊಳ್ಳಲಿಲ್ಲ. ಗಾಲಿ ಕಿತ್ತು ಗುಜರಿಗೆ ಹಾಕಿದೆವು. ಬೇಡವಾದ ವಾಕರನ್ನು ಮನೆಕೆಲಸಕ್ಕೆ ಬರುವವರಿಗೆ ಕೊಟ್ಟುಬಿಡುವ ರೂಢಿ ಇದೆ. ನಮ್ಮ ಮಗುವಿಗೆ ಬೇಡ ಅಂದಮೇಲೆ ಅವರ ಮಗುವಿಗೆ ಹೇಗೆ ಕೊಡುವುದು?

ಅದರ ಬದಲಿಗೆ ನಾವು ತಂದದ್ದು ಮೂರು ಗಾಲಿಯ ಮರದ ಗಾಡಿ, ಚನ್ನಪಟ್ಟಣದ್ದು. ನಮ್ಮ ಅಜ್ಜಿಯರ ಕಾಲದಿಂದ ಇರುವಂಥದ್ದೇ. ಮಗು ಒಳಗೆ ಕೂರುವುದಿಲ್ಲ, ಹಿಂದೆ ನಿಂತು ಹಿಡಿದು ತಳ್ಳುತ್ತದೆ. ಕೈ ಬಿಟ್ಟರೆ ತನ್ನದೇ ಎತ್ತರದಿಂದ ಕುಂಡೆ ಊರಿ ಕೂರುತ್ತದೆ, ಅಷ್ಟೇ. ಹಿಡಿಯ ಮೇಲಿನ ಅರಗಿನ ಬಣ್ಣ ಮಗ ಕಚ್ಚಿ ಕಚ್ಚಿ ಇಟ್ಟರೂ ಎದ್ದುಬರಲಿಲ್ಲ, ಅಂಚುಗಳೆಲ್ಲ ಉರುಟು. ಒಂದೇ ತೊಂದರೆ: ನುಣುಪು ಟೈಲ್ಸ್ ಮೇಲೆ ಗಾಡಿ ಮಗುವಿಗಿಂತ ಮುಂದೆ ಓಡುತ್ತದೆ, ಹಿಡಿದ ಮಗು ಮುಗ್ಗರಿಸುತ್ತದೆ. ಜಮಖಾನ ಹಾಸಿ ಅದರ ಮೇಲೆ ಆಡಿಸಿ, ಇಲ್ಲವೇ ಅಂಗಳದ ಮಣ್ಣಿನಲ್ಲಿ. ಮೆಟ್ಟಿಲಿರುವ ಕಡೆಗೆ ಬೇಡ. ಎತ್ತಿ ನೋಡಿ, ತೂಕ ಇರುವುದನ್ನೇ ಆರಿಸಿ. ಐದಕ್ಕೆ ನಾಲ್ಕು.

ಬೆನ್ನಿಗೆ ಕಟ್ಟುವ ದಿಂಬಿನ ಬ್ಯಾಗು. ಐದಕ್ಕೆ ಒಂದು.

ಜೇನುಹುಳುವಿನ ಆಕಾರದ್ದು, ಎಲ್ಲರೂ ನೋಡಿರುತ್ತೀರಿ. ಮಗುವಿನ ಬೆನ್ನಿಗೆ ಎರಡು ಪಟ್ಟಿಯಲ್ಲಿ ಕಟ್ಟಿದರೆ ತಲೆಯ ಹಿಂದೆ ಮೆತ್ತನೆ ದಿಂಬು ನಿಲ್ಲುತ್ತದೆ. ನೋಡಲು ಮುದ್ದಾಗಿದೆ, ಫೋಟೋಗೆ ಚೆನ್ನ. ಕೂತಲ್ಲಿಂದ ನೇರ ಹಿಂದಕ್ಕೆ ಬಿದ್ದರೆ ಸ್ವಲ್ಪ ಪ್ರಯೋಜನ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಡೆಯಲು ಕಲಿಯುವ ಮಗು ಮುಂದಕ್ಕೆ ಮುಗ್ಗರಿಸುವುದೇ ಜಾಸ್ತಿ. ಪೆಟ್ಟು ಬೀಳುವುದು ಹಣೆಗೆ, ಮೂಗಿಗೆ, ಗದ್ದಕ್ಕೆ, ಅಥವಾ ಪಕ್ಕಕ್ಕೆ ಬಿದ್ದರೆ ಕಿವಿಯ ಮೇಲ್ಭಾಗಕ್ಕೆ. ಅಲ್ಲೆಲ್ಲ ದಿಂಬಿಲ್ಲ. ನಮ್ಮವಳ ಮೈಮೇಲೆ ಅದು ಹತ್ತು ನಿಮಿಷ ನೇರ ನಿಲ್ಲಲಿಲ್ಲ, ಒಂದು ಭುಜದ ಕಡೆ ವಾಲುತ್ತಿತ್ತು. ಬೇಸಗೆಯಲ್ಲಿ ಬೆನ್ನೆಲ್ಲ ಬೆವರುಸಾಲೆ. ಹಾಕಿದ್ದಾಗಲೇ ಮಗುವಿಗೆ ನಿದ್ದೆ ಬಂದರೆ ಕೂಡಲೇ ಬಿಚ್ಚಬೇಕು, ದಿಂಬು ತಲೆಯನ್ನು ಮುಂದಕ್ಕೆ ತಳ್ಳಿ ಗದ್ದ ಎದೆಗೆ ಒತ್ತಿಕೊಂಡರೆ ಎಳೆ ಮಗುವಿಗೆ ಉಸಿರಾಟ ಕಷ್ಟ. ಎಲ್ಲಕ್ಕಿಂತ ಜಾಸ್ತಿ ನನಗೆ ಭಯ ಹುಟ್ಟಿಸಿದ್ದು ಮನೆಯವರಿಗೆ ಅದು ಕೊಡುವ ಧೈರ್ಯ. ‘ದಿಂಬು ಕಟ್ಟಿದೀನಲ್ಲ, ಬಿಡು’ ಅಂತ ಎಲ್ಲರೂ ಕಣ್ಣು ತೆಗೆಯುತ್ತಾರೆ.

ಇದರ ತಮ್ಮನಂಥದ್ದು ತಲೆ ಸುತ್ತ ಕಟ್ಟುವ ಸ್ಪಂಜಿನ ಟೋಪಿ. ತರಚು ಗಾಯ ತಪ್ಪೀತು. ಅದನ್ನು ಸ್ಕೂಟರಿನಲ್ಲಿ ಹೆಲ್ಮೆಟ್ಟಿನ ಬದಲು ಹಾಕಿದ್ದನ್ನು ನೋಡಿದ್ದೇನೆ, ದಯವಿಟ್ಟು ಬೇಡ.

ಮಂಚದ ಬೇಲಿ. ಎರಡು ವರ್ಷದ ಮೇಲಿನವರಿಗೆ ಮೂರು, ಕೆಳಗಿನವರಿಗೆ ಸೊನ್ನೆ.

ಬಲೆಯ ಬಟ್ಟೆ ಎಳೆದು ಕಟ್ಟಿದ ಕಬ್ಬಿಣದ ಚೌಕಟ್ಟು. ಎರಡು ಪಟ್ಟಿಯನ್ನು ಹಾಸಿಗೆಯ ಕೆಳಗೆ ತೂರಿಸಿ ಬಿಗಿಯಬೇಕು. ಕೂರಿಸಿ ಆದಮೇಲೆ ಅಂಗೈಯಿಂದ ಒಳಗಿನಿಂದ ಹೊರಗೆ ಒತ್ತಿ ನೋಡಿದೆ. ಹಾಸಿಗೆಗೂ ಬೇಲಿಗೂ ನಡುವೆ ನನ್ನ ಮುಷ್ಟಿ ಇಳಿಯುವಷ್ಟು ಸಂದು ಬಿಟ್ಟಿತು. ನಮ್ಮದು ಹತ್ತಿ ಹಾಸಿಗೆ, ಅಂಚಿನಲ್ಲಿ ಕುಗ್ಗುತ್ತದೆ, ದಿನಾ ಜರುಗುತ್ತದೆ, ಸಂದು ಇನ್ನೂ ದೊಡ್ಡದಾಗುತ್ತದೆ. ಮಗ್ಗುಲಾಗಲು ಕಲಿತ ಮಗು ಉರುಳಿ ಆ ಸಂದಿನಲ್ಲಿ ಮುಖ ಸಿಕ್ಕಿಸಿಕೊಂಡರೆ ಹಿಂದಕ್ಕೆ ಬರಲು ಅದಕ್ಕೆ ಶಕ್ತಿ ಇರುವುದಿಲ್ಲ. ತಲೆ ಪೆಟ್ಟು ತಪ್ಪಿಸಲು ಹೋಗಿ ಉಸಿರಿಗೇ ಸಂಚಕಾರ. ಅಮೆರಿಕದ ಮಾನದಂಡದಲ್ಲಿ ಈ ಬೇಲಿ ಇರುವುದೇ 2ರಿಂದ 5 ವರ್ಷದ, ತಾವಾಗಿ ಮಂಚ ಹತ್ತಿ ಇಳಿಯಬಲ್ಲ ಮಕ್ಕಳಿಗೆ. ಇಲ್ಲಿ ಮಾರುವಾಗ ‘ಸೊನ್ನೆಯಿಂದ ಐದು ವರ್ಷ’ ಅಂತ ಬರೆದಿರುತ್ತಾರೆ. ಖರೀದಿ ಮಾಡುವ ಮೊದಲು ಆ ಸಾಲು ಇದೆಯಾ ನೋಡಿ, ಇದ್ದರೆ ಅಂಥದ್ದನ್ನು ಬಿಟ್ಟುಬಿಡಿ.

ಬದಲಿಗೆ ಏನು? ನೆಲದ ಮೇಲೆ ಹಾಸಿಗೆ. ಖರ್ಚಿಲ್ಲ, ಎತ್ತರವಿಲ್ಲ. ಅತ್ತೆಗೆ ಮೊದಲು ಇಷ್ಟವಾಗಲಿಲ್ಲ, ‘ನೆಲದ ಥಂಡಿ ಮಗೂಗೆ ಹತ್ತುತ್ತೆ ಕಣಮ್ಮ’ ಅಂದರು. ಕೆಳಗೆ ಚಾಪೆ, ಅದರ ಮೇಲೆ ಜಮಖಾನ, ಆಮೇಲೆ ಹಾಸಿಗೆ ಅಂತ ಇಬ್ಬರಿಗೂ ಒಪ್ಪಿಗೆಯಾಯಿತು. ಮಗು ಉರುಳಿ ಟೈಲ್ಸ್‌ಗೆ ಬಂದರೂ ನಾಲ್ಕೇ ಬೆರಳಿನ ಎತ್ತರ. ಗೋಡೆಗೆ ತೀರಾ ಒತ್ತಿ ಹಾಸಬೇಡಿ, ಅಲ್ಲೂ ಸಂದು ಆಗುತ್ತದೆ.

ತೊಟ್ಟಿಲು, ಸ್ಪ್ರಿಂಗ್ ಜೋಲಿ. ಮರದ ತೊಟ್ಟಿಲಿನ ಬಗ್ಗೆ ನನಗೆ ಗೌರವ ಇದೆ, ಆದರೆ ಮಗು ತಾನಾಗಿ ಹೊರಳಲು, ಅಂಚು ಹಿಡಿದು ಏಳಲು ಶುರು ಮಾಡಿದ ದಿನ ಅದರ ಕೆಲಸ ಮುಗಿಯಿತು. ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ಜೋಲಿಯಲ್ಲಿ ಕಣ್ಣಿಡಬೇಕಾದ ಜಾಗ ಸ್ಪ್ರಿಂಗಿನ ಎರಡೂ ತುದಿಯ ಬಾಗಿದ ಕೊಕ್ಕೆ. ಭಾರ ಹೊತ್ತು ಹೊತ್ತು ಅದು ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ, ತುಕ್ಕೂ ಹಿಡಿಯುತ್ತದೆ. ಮಗು ಬಿದ್ದರೆ ಅದರ ಮೇಲೆ ಕಬ್ಬಿಣವೂ ಬೀಳುತ್ತದೆ. ಸ್ಪ್ರಿಂಗಿನ ಒಳಗೆ ಗಟ್ಟಿ ಹಗ್ಗ ಒಂದನ್ನು ಮೇಲಿನಿಂದ ಕೆಳಗೆ ಬೇರೆಯಾಗಿ ಕಟ್ಟಿಸಿ. ಜೋಲಿಯ ತಳ ಮೊಣಕಾಲಿಗಿಂತ ಕೆಳಗಿರಲಿ, ಅಡಿಯಲ್ಲಿ ಹಾಸಿಗೆ ಇರಲಿ.

ಜೋಲಿಯ ಮಾತು ಬಂದಾಗ ಇದನ್ನೂ ಹೇಳಬೇಕು. ಮಗು ಅಳು ನಿಲ್ಲಿಸದಿದ್ದಾಗ ಸಿಟ್ಟಿನಲ್ಲಿ ಭುಜ ಹಿಡಿದು ಜೋರಾಗಿ ಅಲುಗಾಡಿಸುವುದಿದೆಯಲ್ಲ, ಅದು ಬೀಳುವುದಕ್ಕಿಂತ ಕೆಟ್ಟದ್ದು. ಕತ್ತಿಗೆ ಬಲವಿಲ್ಲ, ತಲೆ ಹಿಂದೆ ಮುಂದೆ ಎಗರುತ್ತದೆ, ಮಿದುಳಿನ ಸುತ್ತ, ಕಣ್ಣಿನ ಹಿಂಭಾಗದಲ್ಲಿ ರಕ್ತಸ್ರಾವ ಆಗುತ್ತದೆ. ಹೊರಗೆ ಒಂದು ಗೀರೂ ಕಾಣುವುದಿಲ್ಲ. ಇದರಿಂದ ಮಕ್ಕಳು ಸತ್ತಿದ್ದಾರೆ, ಬದುಕಿದವರು ಕಣ್ಣು ಕಳೆದುಕೊಂಡಿದ್ದಾರೆ. ಮಗುವಿನ ಅಳು ಆರರಿಂದ ಎಂಟು ವಾರದ ಹೊತ್ತಿಗೆ ತುಂಬಾ ಜಾಸ್ತಿ ಇರುತ್ತದೆ, ಅದೇ ಹೊತ್ತಿಗೆ ಬಾಣಂತಿಗೆ ನಿದ್ದೆ ಇರುವುದಿಲ್ಲ. ತಡೆಯಲಾಗುತ್ತಿಲ್ಲ ಅನ್ನಿಸಿದರೆ ಮಗುವನ್ನು ಅಂಗಾತ ನೆಲದ ಹಾಸಿಗೆ ಮೇಲೆ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ನಿಲ್ಲಿ. ಅತ್ತರೆ ಅಳಲಿ. ಬಾಣಂತನದ ಮನೆಯಲ್ಲಿ ಇದನ್ನು ಬಾಯಿ ಬಿಟ್ಟು ಹೇಳಬೇಕು, ಗಂಡಸರಿಗೂ ಹೇಳಬೇಕು.

ಮೆಟ್ಟಿಲ ಗೇಟು. ಐದಕ್ಕೆ ಐದು.

ಇಷ್ಟೂ ಸಾಮಾನಿನಲ್ಲಿ ದುಡ್ಡಿಗೆ ನ್ಯಾಯ ಕೊಟ್ಟದ್ದು ಇದೊಂದೇ. ಎರಡು ಬಗೆ ಸಿಗುತ್ತದೆ. ಒಂದು ಎರಡೂ ಕಡೆ ಗೋಡೆಗೆ ಒತ್ತಿ ತಿರುಪಿ ನಿಲ್ಲಿಸುವುದು, ಇನ್ನೊಂದು ಗೋಡೆಗೆ ಸ್ಕ್ರೂ ಹೊಡೆಯುವುದು. ಒತ್ತಿ ನಿಲ್ಲಿಸುವುದನ್ನು ಅಡುಗೆಮನೆ ಬಾಗಿಲಿಗೆ, ಮೆಟ್ಟಿಲಿನ ಕೆಳ ತುದಿಗೆ ಹಾಕಬಹುದು. ಮೇಲಿನ ತುದಿಗೆ ಮಾತ್ರ ಸ್ಕ್ರೂ ಬೇಕೇ ಬೇಕು. ಒತ್ತಿ ನಿಲ್ಲಿಸುವುದರ ಕೆಳಗೆ ಅಡ್ಡ ಒಂದು ಪಟ್ಟಿ ಇರುತ್ತದೆ, ಮಗುವನ್ನು ಎತ್ತಿಕೊಂಡು ಗೇಟು ದಾಟುವಾಗ ನಮ್ಮ ಕಾಲೇ ಅದಕ್ಕೆ ತಗಲುತ್ತದೆ. ಮೆಟ್ಟಿಲ ತುದಿಯಲ್ಲಿ ಎಡವಿದರೆ ಇಬ್ಬರೂ ಕೆಳಗೆ. ಮಗು ಒರಗಿ ಒರಗಿ ತಳ್ಳಿದರೆ ಗೇಟೇ ಕಿತ್ತುಬರಬಹುದು.

ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಹೊಡೆಯಲು ಓನರ್ ಆಂಟಿಯನ್ನು ಕೇಳಬೇಕಾಯಿತು. ಮೊದಲು ಮುಖ ಗಂಟಿಕ್ಕಿದರು. ಕೆಳಗೆ ಕರೆದುಕೊಂಡು ಹೋಗಿ, ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ ಮೇಲೆ ನೋಡಿ ಅಂದೆ. ‘ಹಾಕಿಸ್ಕೊಳ್ಳಮ್ಮ, ಹೋಗುವಾಗ ಸಿಮೆಂಟ್ ಮೆತ್ತಿಸಿ ಹೋಗು’ ಅಂದರು. ಅಂಗಡಿಯ ಗೇಟಿನ ಬದಲು ನಾವು ವೆಲ್ಡಿಂಗ್ ಶಾಪಿನಲ್ಲಿ ಅಳತೆ ಕೊಟ್ಟು ಮಾಡಿಸಿದೆವು. ನೀವೂ ಮಾಡಿಸುವುದಾದರೆ ಇಷ್ಟು ನೋಡಿಕೊಳ್ಳಿ: ಸರಳು ನಿಂತಂತೆ ಇರಲಿ, ಅಡ್ಡ ಸರಳು ಇದ್ದರೆ ಮಗುವಿಗೆ ಏಣಿಯಾಗುತ್ತದೆ, ಸರಳಿನ ನಡುವೆ ತಲೆ ತೂರಬಾರದು, ಗೇಟು ಮೆಟ್ಟಿಲ ಕಡೆಗೆ ತೆರೆಯಬಾರದು, ನಮ್ಮ ಕಡೆಗೇ ತೆರೆಯಬೇಕು, ಚಿಲಕ ಹೊರಗಡೆ, ಮಗುವಿನ ಕೈಗೆ ಸಿಗದಂತೆ. ಬಾಲ್ಕನಿ ಗ್ರಿಲ್ಲಿಗೂ ಇದೇ ಮಾತು. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಬಕೆಟ್ಟು, ಹೂಕುಂಡ ಇಟ್ಟಿದ್ದರೆ ಇವತ್ತೇ ಒಳಗೆ ತನ್ನಿ.

ಮೂಲೆಗೆ ಅಂಟಿಸುವ ರಬ್ಬರು ಪರವಾಗಿಲ್ಲ. ಟೀಪಾಯಿ ಮೂಲೆಗೆ ಹಾಕಿದ್ದು ಇನ್ನೂ ಇದೆ, ಉಳಿದವನ್ನು ಮಗಳು ಕಿತ್ತು ಬಾಯಿಗೆ ಹಾಕಿಕೊಳ್ಳಲು ನೋಡಿದಳು, ತೆಗೆದೆ. ಟೀಪಾಯಿಯನ್ನೇ ಒಂದೆರಡು ವರ್ಷ ಕೋಣೆಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಬೀರು, ಟಿವಿ ಸ್ಟ್ಯಾಂಡು, ಡ್ರಾಯರಿನ ಪೆಟ್ಟಿಗೆಗಳನ್ನು ಗೋಡೆಗೆ ಬಿಗಿಯುವ ಪಟ್ಟಿ ಮಾತ್ರ ಖಂಡಿತ ತಗೊಳ್ಳಿ. ಡ್ರಾಯರುಗಳನ್ನು ಎಳೆದು ಮೆಟ್ಟಿಲಂತೆ ಹತ್ತಿದರೆ ಪೂರ್ತಿ ಪೆಟ್ಟಿಗೆ ಮೇಲೆ ಬೀಳುತ್ತದೆ. ಪೀಠೋಪಕರಣ ಮಾರುವ ಐಕಿಯಾ ಕಂಪನಿ 2016ರಲ್ಲಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ವಾಪಸ್ ಪಡೆಯಲು ಮುಂದಾದದ್ದು ಹೀಗೆ ಮಕ್ಕಳು ಸತ್ತ ಮೇಲೆಯೇ.

ಸ್ಕೂಟರ್ ಸಾಮಾನು. ಇಲ್ಲಿ ಮೂರು ವಸ್ತು ಮಾರುತ್ತಾರೆ, ಬೇರೆ ಬೇರೆಯಾಗಿ ನೋಡಬೇಕು.

ಸೀಟಿನ ಮುಂದೆ ಕೂರಿಸುವ ಕಬ್ಬಿಣದ ಬೇಬಿ ಸೀಟು: ಸೊನ್ನೆ. ಮಗುವನ್ನು ಮುಂದೆ ನಿಲ್ಲಿಸುವುದೂ ಇಷ್ಟೇ ಅಪಾಯ. ಮುಂದೆ ಇರುವ ಮಗುವಿನ ಮುಖದ ನೇರಕ್ಕೆ ಏನಿದೆ ಅಂತ ನಿಮ್ಮ ಗಾಡಿಯ ಎದುರು ಬಗ್ಗಿ ನೋಡಿ. ಹ್ಯಾಂಡಲ್ಲು, ಮೀಟರಿನ ಗಾಜು, ಕನ್ನಡಿಯ ಕಡ್ಡಿ. ಬ್ರೇಕು ಹಾಕಿದರೆ ಮಗುವಿನ ಹಣೆ, ಹಲ್ಲು ಅಲ್ಲಿಗೇ. ಡಿಕ್ಕಿಯಾದರೆ ಹಿಂದಿನಿಂದ ನಮ್ಮ ಮೈಭಾರವೂ ಅದರ ಮೇಲೆ.

ಮಗುವಿನ ಮೈಗೆ ತೊಡಿಸಿ ಓಡಿಸುವವರಿಗೆ ಕಟ್ಟುವ ಬೆಲ್ಟು: ನಾಲ್ಕು. ಹಿಂದೆ ಕೂತ ಮಗುವಿಗೆ ನಿದ್ದೆ ಬಂದು ಪಕ್ಕಕ್ಕೆ ವಾಲುವುದನ್ನು ಇದು ತಡೆಯುತ್ತದೆ. ಹೊಲಿಗೆ ಎಳೆದು ನೋಡಿ ಕೊಳ್ಳಿ, ಭುಜದ ಪಟ್ಟಿ ಅಳತೆಗೆ ಬಿಗಿಯುವಂತಿರಲಿ. ಹೆಲ್ಮೆಟ್ಟು: ನಾಲ್ಕು, ಅಳತೆ ಸರಿ ಇದ್ದರೆ ಮಾತ್ರ. ಹಾಕಿ, ಪಟ್ಟಿ ಬಿಗಿದು, ಮಗುವಿಗೆ ‘ಬೇಡ’ ಅನ್ನುವಂತೆ ತಲೆ ಆಡಿಸಲು ಹೇಳಿ. ತಲೆ ತಿರುಗಿದರೂ ಹೆಲ್ಮೆಟ್ಟು ಇದ್ದಲ್ಲೇ ನಿಂತರೆ ಅದು ದೊಡ್ಡದಾಯಿತು. ‘ಬೆಳೀತಾನೆ, ದೊಡ್ಡದೇ ಇರ್ಲಿ’ ಅನ್ನುವ ಲೆಕ್ಕ ಅಂಗಿಗೆ ಸರಿ, ಇದಕ್ಕಲ್ಲ.

ಇದು ಕಾನೂನೂ ಹೌದು. ಕೇಂದ್ರದ ಮೋಟಾರು ವಾಹನ ನಿಯಮಕ್ಕೆ 2022ರ ಫೆಬ್ರುವರಿಯಲ್ಲಿ ತಿದ್ದುಪಡಿಯಾಗಿ, ಒಂದು ವರ್ಷದ ನಂತರ ಜಾರಿಗೆ ಬಂತು. ನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟು, ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗೆ ಹೆಲ್ಮೆಟ್ಟು, ಮಗು ಇದ್ದಾಗ ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ನನ್ನ ಅಭಿಪ್ರಾಯ ಕೇಳಿದರೆ ವರ್ಷ ತುಂಬದ ಮಗುವನ್ನು ಸ್ಕೂಟರ್ ಹತ್ತಿಸಲೇಬಾರದು, ಹೆಲ್ಮೆಟ್ಟಿನ ಭಾರ ಹೊರುವಷ್ಟು ಕತ್ತು ಇನ್ನೂ ಗಟ್ಟಿಯಾಗಿರುವುದಿಲ್ಲ. ಆಟೋ ಮಾಡಿ, ಬಸ್ಸಿಗೆ ಹೋಗಿ. ಕಾರಿದ್ದವರು ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೂರಿಸಿಕೊಳ್ಳುವುದನ್ನು ಬಿಟ್ಟು ಹಿಂದೆ ಮಕ್ಕಳ ಸೀಟು ಹಾಕಿಸಿ.

ಕೊನೆಯದಾಗಿ ಫ್ರಿಜ್ಜಿನಲ್ಲಿಡುವ ಜೆಲ್ ಪ್ಯಾಕು. ಐದಕ್ಕೆ ನಾಲ್ಕೂವರೆ. ಎಷ್ಟೇ ಕಾದರೂ ಮಕ್ಕಳು ಬೀಳುತ್ತಾರೆ, ಆಗ ಮೊದಲು ಕೈಗೆ ಬರುವುದು ಇದೇ. ತೆಳು ಬಟ್ಟೆಯಲ್ಲಿ ಸುತ್ತಿ ಬುಗುಟಿನ ಮೇಲೆ ಮೆಲ್ಲಗೆ ಇಡಿ. ಬುಗುಟನ್ನು ಅಂಗೈಯಿಂದ ತಿಕ್ಕುವುದು, ಸೌಟಿನ ಹಿಂಬದಿಯಿಂದ ಒತ್ತಿ ಇಳಿಸುವುದು, ಕಾಫಿಪುಡಿ ಮೆತ್ತುವುದು ಬೇಡ. ತಿಕ್ಕಿದರೆ ಚರ್ಮದ ಕೆಳಗಿನ ರಕ್ತ ಇನ್ನಷ್ಟು ಹರಡುತ್ತದೆ, ಒಳಗೆ ಮೂಳೆ ಬಿರುಕು ಬಿಟ್ಟಿದ್ದರೆ ಒತ್ತುವುದರಿಂದ ಕೇಡೇ.

ಜೆಲ್ ಪ್ಯಾಕ್ ಹಿಡಿದುಕೊಂಡೇ ಬುಗುಟು ಎಲ್ಲಿದೆ ಅಂತ ನೋಡಿ. ಹಣೆಯ ಮೇಲಿನ ಗಟ್ಟಿ ಬುಗುಟು ನೋಡಲು ದೊಡ್ಡದು, ಆದರೆ ಮಗು ಆಟವಾಡಿಕೊಂಡಿದ್ದರೆ ಅದರಿಂದ ಭಯ ಕಡಿಮೆ. ಎರಡು ವರ್ಷದೊಳಗಿನ ಮಗುವಿಗೆ ಕಿವಿಯ ಮೇಲೆ, ತಲೆಯ ಪಕ್ಕದಲ್ಲಿ, ಹಿಂಭಾಗದಲ್ಲಿ ಊತ ಬಂದಿದ್ದರೆ, ಅದರಲ್ಲೂ ಮೆತ್ತಗೆ ನೀರು ತುಂಬಿದಂತಿದ್ದರೆ, ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಮೆರಿಕದಲ್ಲಿ 42,412 ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಯಸ್ಸಿಗೆ ಕೆಲವು ಗುರುತು ಹೇಳಿದೆ, ವೈದ್ಯರು ಈಗಲೂ ಅದನ್ನೇ ನೋಡುತ್ತಾರೆ: ಹಣೆ ಬಿಟ್ಟು ಬೇರೆ ಕಡೆ ಊತ, ಐದು ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಪ್ರಜ್ಞೆ ತಪ್ಪಿದ್ದು, ಮಂಕಾಗಿರುವುದು, ಮುಟ್ಟಿದರೆ ಮೂಳೆ ತಗ್ಗಿದಂತೆ ಸಿಗುವುದು, ಮೂರಡಿಗಿಂತ ಮೇಲಿನಿಂದ ಬಿದ್ದದ್ದು, ‘ಇವತ್ತು ಯಾಕೋ ಮಗು ಎಂದಿನಂತಿಲ್ಲ’ ಅಂತ ಅಪ್ಪ ಅಮ್ಮನಿಗೆ ಅನ್ನಿಸುವುದು. ಹೌದು, ಆ ಕೊನೆಯದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸಂಕೋಚ ಬಿಟ್ಟು ಬಾಯಿ ಬಿಟ್ಟು ಹೇಳಿ. ಇದಲ್ಲದೆ ಮತ್ತೆ ಮತ್ತೆ ವಾಂತಿ, ಫಿಟ್ಸ್, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ನೆತ್ತಿ ಉಬ್ಬಿಕೊಳ್ಳುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ 108ಕ್ಕೆ ಕರೆ ಮಾಡಿ. ಮೂರು ತಿಂಗಳೊಳಗಿನ ಕೂಸು ಬಿದ್ದರೆ ಏನೂ ಕಾಣದಿದ್ದರೂ ಒಮ್ಮೆ ತೋರಿಸಿ.

ಬಿದ್ದ ಮೇಲೆ ಮಲಗಿಸಲೇಬಾರದು ಅನ್ನುತ್ತಾರೆ. ಮಗು ಚೆನ್ನಾಗಿದ್ದು, ಅದರ ಮಾಮೂಲಿ ನಿದ್ದೆಯ ಹೊತ್ತಾಗಿದ್ದರೆ ಮಲಗಲಿ, ನಡುವೆ ಮುಟ್ಟಿ ನೋಡಿ, ಎಂದಿನಂತೆ ಕೊಸರಾಡಬೇಕು. ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸಿದರೆ ಅದು ಬೇರೆ ಮಾತು, ಕೂಡಲೇ ಹೊರಡಿ.

ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಲೇಬೇಕು ಅಂತ ಹಟ ಹಿಡಿಯಬೇಡಿ. ಎಳೆ ಮಿದುಳಿಗೆ ಆ ವಿಕಿರಣ ಸುಮ್ನೆ ಕೊಡುವಂಥದ್ದಲ್ಲ. ನಾಲ್ಕರಿಂದ ಆರು ಗಂಟೆ ಇಲ್ಲೇ ಇರಿಸಿಕೊಂಡು ನೋಡುತ್ತೇವೆ ಅಂತ ವೈದ್ಯರು ಹೇಳಿದರೆ ಅದೂ ಚಿಕಿತ್ಸೆಯೇ, ಅರ್ಧಕ್ಕೆ ಎದ್ದು ಬರಬೇಡಿ. ಹೋಗುವಾಗ ಎಷ್ಟು ಎತ್ತರದಿಂದ, ಯಾವ ನೆಲದ ಮೇಲೆ, ಎಷ್ಟು ಗಂಟೆಗೆ ಬಿತ್ತು, ಕೂಡಲೇ ಅತ್ತಿತಾ, ಆಮೇಲೆ ಎಷ್ಟು ಸಲ ವಾಂತಿ ಮಾಡಿತು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಬಿದ್ದಾಗ ಮಗು ಅಜ್ಜಿಯ ಹತ್ತಿರವೋ ನೋಡಿಕೊಳ್ಳುವವರ ಹತ್ತಿರವೋ ಇದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕಣ್ಣಾರೆ ನೋಡಿದವರು ಹೇಳುವ ಒಂದು ಮಾತಿನಿಂದ ವೈದ್ಯರಿಗೆ ಸ್ಕ್ಯಾನ್ ಬೇಕೋ ಬೇಡವೋ ತೀರ್ಮಾನಿಸಲು ಆಗುತ್ತದೆ.